ಮೂಳೆ ಕೂಡಿಕೊಂಡ ಮೇಲೆ, ನಾಲೆ ಏರಿಯ ಮೇಲೆ

ಸೈಕಲ್ಲಿನಿಂದ ಬಿದ್ದದ್ದು ಚಾಮುಂಡಿ ಬೆಟ್ಟದ ಇಳಿಜಾರಿನಲ್ಲಿ. 2024ರ ಮೇ ತಿಂಗಳು. ಹಿಂದಿನ ರಾತ್ರಿ ಜೋರು ಮಳೆ ಬಂದಿತ್ತು. ಬೆಳಿಗ್ಗೆ ಆರೂವರೆ ಹೊತ್ತಿಗೆ ರಸ್ತೆ ಒಣಗಿತ್ತು, ಆದರೆ ಒಂದು ತಿರುವಿನಲ್ಲಿ ಮಳೆನೀರು ಮೇಲಿಂದ ಮರಳು ತಂದು ಹರಡಿತ್ತು. ಅದು ನನ್ನ ಕಣ್ಣಿಗೆ ಬಿತ್ತು. ಕಂಡ ತಕ್ಷಣ ಬ್ರೇಕ್ ಹಿಡಿದೆ. ಅದೇ ತಪ್ಪಾಗಿದ್ದು. ಸೈಕಲ್ ವಾಲಿಸಿಕೊಂಡು ತಿರುವಿನೊಳಗೆ ಹೋದ ಮೇಲೆ, ಅದೂ ಮರಳಿನ ಮೇಲೆ, ಮುಂದಿನ ಬ್ರೇಕ್ ಹಿಡಿದರೆ ಚಕ್ರ ಜಾರದೆ ಇನ್ನೇನು ಮಾಡುತ್ತದೆ?

ಎಡ ಭುಜ ನೆಲಕ್ಕೆ ಬಡಿಯಿತು. ಟಕ್ ಅಂತ ಸದ್ದು ಕೇಳಿಸಿತು. ಹೆಲ್ಮೆಟ್ಟಿನದು ಅಂದುಕೊಂಡೆ. ಎದ್ದು ಕೂತು ನಾನು ಮಾಡಿದ ಮೊದಲ ಕೆಲಸ ಹೇಳಲು ಇವತ್ತಿಗೂ ನಾಚಿಕೆ. ಬಲಗೈಯಲ್ಲಿ ವಾಚ್ ನಿಲ್ಲಿಸಿದೆ. ಅದು ಓಡುತ್ತಲೇ ಇದ್ದರೆ ಸರಾಸರಿ ವೇಗ ಕೆಡುತ್ತದಲ್ಲ, ಅದಕ್ಕೆ.

ಮುರಿದದ್ದು ಕಾಲರ್ ಬೋನ್. ಸೈಕಲ್ಲಿನಿಂದ ಬಿದ್ದವರಲ್ಲಿ ಇದು ತೀರಾ ಮಾಮೂಲಿ. ತೋಳನ್ನು ಎದೆಗೂಡಿಗೆ ಜೋಡಿಸುವ ಮೂಳೆ ಅದೊಂದೇ. ಕೈ ಊರಿಕೊಂಡು ಬಿದ್ದರೂ, ಭುಜದ ಮೇಲೆ ಬಿದ್ದರೂ ಪೆಟ್ಟು ಬಂದು ಸೇರುವುದು ಅಲ್ಲಿಗೇ. ನನ್ನದು ನಡುವಿನಲ್ಲಿ ಮುರಿದಿತ್ತು, ತುದಿಗಳು ದೂರ ಸರಿದಿರಲಿಲ್ಲ. ಪ್ಲೇಟ್ ಹಾಕುವುದು ಬೇಡ, ಕೈಗೆ ಜೋಳಿಗೆ ಕಟ್ಟಿಕೊಂಡು ಕಾಯಿರಿ ಅಂದರು ಡಾಕ್ಟರು. ಆರು ವಾರ ಕೈಯನ್ನು ಭುಜಕ್ಕಿಂತ ಮೇಲೆ ಎತ್ತುವ ಹಾಗಿಲ್ಲ.

ಆ ಆರು ವಾರದ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಮಲಗಲು ಆಗುತ್ತಿರಲಿಲ್ಲ, ಈಸಿಚೇರಿನಲ್ಲಿ ಒರಗಿಕೊಂಡೇ ರಾತ್ರಿ ಕಳೆಯುತ್ತಿದ್ದೆ. ಒಂದೇ ಕೈಯಲ್ಲಿ ಜಡೆ ಹಾಕಲು ಬರುವುದಿಲ್ಲ ಅನ್ನುವುದು ಮೂರನೇ ದಿನಕ್ಕೆ ತಿಳಿಯಿತು. ಮಗಳು ಹಾಕಿಕೊಟ್ಟಳು, ಎರಡು ಸಲ ಗಂಟಾಗಿ, ಮೂರನೇ ಸಲ ಸರಿಯಾಗಿ. ತಲೆಯ ಮೇಲಿಂದ ಹಾಕುವ ಬಟ್ಟೆಯೆಲ್ಲ ಮೂಲೆ ಸೇರಿತು, ಗಂಡನ ಹಳೆಯ ಅಂಗಿಗಳೇ ಗತಿಯಾದವು. ನೋಡಲು ಬಂದವರೆಲ್ಲ ಒಂದೇ ಮಾತು ಕೇಳಿದರು: "ಈ ವಯಸ್ಸಲ್ಲಿ ಯಾಕೆ ಬೇಕಿತ್ತು?" ನನಗೆ ಆಗ 43. ಗಂಡ ಬೈಕಿನಿಂದ ಬಿದ್ದು ಮಂಡಿ ಹೊಲಿಸಿಕೊಂಡು ಬಂದಾಗ ಈ ಪ್ರಶ್ನೆ ಯಾರೂ ಕೇಳಿರಲಿಲ್ಲ ಅನ್ನುವುದು ಬೇರೆ ಮಾತು.

ಆರು ವಾರದ ಎಕ್ಸ್‌ರೇಯಲ್ಲಿ ಮುರಿದ ಜಾಗದ ಸುತ್ತ ಮಬ್ಬು ಮಬ್ಬಾಗಿ ಹೊಸ ಮೂಳೆ ಕಾಣಿಸಿತು. ನಿಜವಾದ ಕೆಲಸ ಶುರುವಾದದ್ದು ಆಮೇಲೆ. ಮೂಳೆ ಕೂಡಿಕೊಂಡರೂ ಭುಜ ಬಿಗಿದುಕೊಂಡಿರುತ್ತದೆ. ಫಿಸಿಯೋ ಮೂರು ಕಸರತ್ತು ಕೊಟ್ಟರು. ಮುಂದಕ್ಕೆ ಬಾಗಿ ಕೈಯನ್ನು ಗಡಿಯಾರದ ಲೋಲಕದ ಹಾಗೆ ಜೋಲು ಬಿಟ್ಟು ತೂಗುವುದು. ಕೋಲೊಂದನ್ನು ಎರಡೂ ಕೈಯಲ್ಲಿ ಹಿಡಿದು, ಚೆನ್ನಾಗಿರುವ ಕೈಯಿಂದ ಇನ್ನೊಂದನ್ನು ತಳ್ಳುವುದು. ಮೂರನೆಯದು ಗೋಡೆಗೆ ಬೆರಳಿಟ್ಟು ಜೇಡದ ಹಾಗೆ ಮೇಲಕ್ಕೆ ಹತ್ತಿಸುವುದು. ಬೆರಳು ಎಲ್ಲಿಯವರೆಗೆ ಹೋಯಿತು ಅಂತ ದಿನಾ ಪೆನ್ಸಿಲಿನಲ್ಲಿ ಗುರುತು ಹಾಕಿ ಅಂದಿದ್ದರು. ಮಗಳ ಎತ್ತರ ಗುರುತು ಹಾಕುವ ಬಾಗಿಲ ಚೌಕಟ್ಟಿನ ಪಕ್ಕದಲ್ಲೇ ನಾನೂ ಹಾಕಿದೆ. ಜೂನ್ ಕೊನೆಯಲ್ಲಿ ನನ್ನ ಬೆರಳು ಅವಳ ಎರಡನೇ ಕ್ಲಾಸಿನ ಎತ್ತರದಲ್ಲಿತ್ತು. ಜುಲೈ ಮಧ್ಯದ ಹೊತ್ತಿಗೆ ಆರನೇ ಕ್ಲಾಸು ಮುಟ್ಟಿದೆ.

ಮನೆಯೊಳಗೆ ಟ್ರೈನರಿಗೆ, ಅಂದರೆ ನಿಂತಲ್ಲೇ ತುಳಿಯುವ ಸ್ಟ್ಯಾಂಡಿಗೆ, ಸೈಕಲ್ ಸಿಕ್ಕಿಸಿ ತುಳಿಯಬಹುದು ಅಂತ ಡಾಕ್ಟರು ಒಪ್ಪಿಗೆ ಕೊಟ್ಟಿದ್ದರು. ಗೆಳತಿಯೊಬ್ಬಳು ತನ್ನದನ್ನು ತಂದಿಟ್ಟಳು. ನಾಲ್ಕು ದಿನ ತುಳಿದೆ. ಫ್ಯಾನ್ ಹಾಕಿದರೂ ಬೆವರು, ಎದುರಿಗೆ ವಾಷಿಂಗ್ ಮೆಷಿನ್. ಕಾಲಿನ ಶಕ್ತಿ ಉಳಿಸಿಕೊಳ್ಳಲು ಒಳ್ಳೆಯದು, ಇಲ್ಲ ಅನ್ನುವುದಿಲ್ಲ. ಐದನೇ ದಿನ ಅದರ ಮೇಲೆ ಟವೆಲ್ ಒಣಹಾಕಿದೆ. ಆಗ ಒಂದು ಅನುಮಾನ ಬಂತು. ನನಗೆ ಸೈಕಲ್ ತುಳಿಯುವುದು ನಿಜವಾಗಿಯೂ ಇಷ್ಟವಾ? ಮೂರು ವರ್ಷದಿಂದ ವಾರಕ್ಕೆ ನಾಲ್ಕು ದಿನ ಬೆಳಿಗ್ಗೆ ಐದಕ್ಕೇ ಎದ್ದು ಹೋಗಿದ್ದು ಯಾತಕ್ಕೆ?

ಅತ್ತೆ ದಿನಾ ಬಾಗಿಲಲ್ಲಿ ಕೇಳುತ್ತಿದ್ದರು, "ಇವತ್ತೇನಿದೆ?" ನನ್ನ ಹತ್ತಿರ ಉತ್ತರ ಸಿದ್ಧವಾಗಿರುತ್ತಿತ್ತು. ಇವತ್ತು ಬೆಟ್ಟ ಮೂರು ಸಲ. ಇವತ್ತು ಬಿಆರ್‌ಎಂ ತಯಾರಿ. ಬಿಆರ್‌ಎಂ ಅಂದರೆ ದೂರದ ಸವಾರಿ. ಅಲ್ಲಿ ರೇಸ್ ಇಲ್ಲ, ಗಡುವು ಇದೆ. 200 ಕಿಲೋಮೀಟರಿಗೆ 13 ಗಂಟೆ 30 ನಿಮಿಷ, 300ಕ್ಕೆ 20 ಗಂಟೆ, 400ಕ್ಕೆ 27, 600ಕ್ಕೆ 40. ನಾಲ್ಕನ್ನೂ ಒಂದೇ ಸೀಸನ್ನಿನಲ್ಲಿ ಮುಗಿಸಿದರೆ ಸೂಪರ್ ರಾಂಡೊನರ್ ಅನ್ನುತ್ತಾರೆ. ಜನವರಿಯಲ್ಲಿ ನನ್ನ 200 ಆಗಿತ್ತು. ಅದರ ಮೆಡಲ್ ದೇವರ ಮನೆಯ ಗೂಟದಲ್ಲಿ ನೇತಾಡುತ್ತಿತ್ತು, ಅತ್ತೆಯೇ ಅಲ್ಲಿ ಹಾಕಿದ್ದು.

ಸೈಕಲ್ ರಿಪೇರಿಗೆ ಕೊಟ್ಟಾಗ ಗೊತ್ತಾದ ಕೆಲವು ವಿಷಯ ಹೇಳಿಬಿಡುತ್ತೇನೆ, ಬಿದ್ದವರಿಗೆ ಉಪಯೋಗವಾದೀತು. ಹೆಲ್ಮೆಟ್ ನೋಡಲು ಚೆನ್ನಾಗಿಯೇ ಇತ್ತು, ಒಂದು ಗೀರು ಅಷ್ಟೇ. ಒಳಗಿನ ಪ್ಯಾಡ್ ಕಿತ್ತು ನೋಡಿದರೆ ಥರ್ಮಾಕೋಲಿನಂಥ ಫೋಮ್ ಸೀಳಿತ್ತು. ಪೆಟ್ಟು ತಿಂದಾಗ ಆ ಫೋಮ್ ಜಜ್ಜಿಹೋಗಿ ತಲೆ ಉಳಿಸುತ್ತದೆ, ಒಂದೇ ಸಲ. ಬಿದ್ದ ಹೆಲ್ಮೆಟ್ಟನ್ನು ಮತ್ತೆ ಹಾಕಬೇಡಿ. ಹಿಂದಿನ ಗೇರ್ ಸಿಕ್ಕಿಸುವ ಹ್ಯಾಂಗರ್ ಬಾಗಿತ್ತು. ಅದನ್ನು ಮಾಡಿರುವುದೇ ಫ್ರೇಮಿಗಿಂತ ಮೊದಲು ತಾನು ಬಾಗಲಿ ಅಂತ. ಹೊಸದು ಹಾಕಿಸಿಕೊಂಡೆ. ಭುಜಕ್ಕಾಗಿ ಎರಡು ಬದಲಾವಣೆ ಮಾಡಿಸಿದೆ. ಹ್ಯಾಂಡಲನ್ನು ಹಿಡಿದಿಡುವ ಸ್ಟೆಮ್ ಬಿಚ್ಚಿ ತಲೆಕೆಳಗು ಮಾಡಿ ಹಾಕಿಸಿದೆ, ಹ್ಯಾಂಡಲ್ ಮೇಲೆ ಬಂತು, ಕೈ ಮೇಲೆ ಭಾರ ಕಡಿಮೆಯಾಯಿತು. ಇದಕ್ಕೆ ಒಂದು ಪೈಸೆ ಖರ್ಚಿಲ್ಲ. ಟೈರ್ 25 ಎಂಎಂ ಇದ್ದದ್ದು 32 ಮಾಡಿಸಿ, ಗಾಳಿ 90 ಪಿಎಸ್‌ಐನಿಂದ 55ಕ್ಕೆ ಇಳಿಸಿದೆ. ಬೆನ್ನಿಗೆ ಬ್ಯಾಗ್ ಹಾಕುವುದನ್ನು ಬಿಟ್ಟೆ, ಪಟ್ಟಿ ಸರಿಯಾಗಿ ಮುರಿದ ಜಾಗದ ಮೇಲೇ ಕೂರುತ್ತಿತ್ತು.

ಹನ್ನೆರಡು ವಾರ ತುಂಬಿ, ಡಾಕ್ಟರು ಸರಿ ಅಂದ ಮೇಲೆ, ಆಗಸ್ಟಿನಲ್ಲಿ ಮೊದಲ ಸಲ ರಸ್ತೆಗಿಳಿದೆ. ನಾಲ್ಕು ಕಿಲೋಮೀಟರ್. ಭುಜ ನೋಯಲಿಲ್ಲ, ನೋವೆಲ್ಲ ಬೆರಳಿನಲ್ಲಿತ್ತು. ಬ್ರೇಕನ್ನು ಅಷ್ಟು ಬಿಗಿಯಾಗಿ ಹಿಡಿದುಕೊಂಡಿದ್ದೆ. ರಿಂಗ್ ರೋಡಿನ ಸೇತುವೆಯ ಸಣ್ಣ ಇಳಿಜಾರಿನಲ್ಲೂ ಹೊಟ್ಟೆ ಕಿವುಚಿದಂತಾಯಿತು. ಬೆಟ್ಟದ ಮಾತು ಹಾಗಿರಲಿ, ಮೈಸೂರಿನಲ್ಲಿ ಇಳಿಜಾರೇ ಇಲ್ಲದ ದಾರಿ ಎಲ್ಲಿದೆ ಅಂತ ಯೋಚಿಸಿದೆ.

ಉತ್ತರ ಸಿಕ್ಕಿದ್ದು ನಾಲೆಯಲ್ಲಿ. ಯೋಚಿಸಿ ನೋಡಿ, ನೀರು ತಾನಾಗಿ ಹರಿಯಲು ಎಷ್ಟು ಬೇಕೋ ಅಷ್ಟೇ ಇಳಿಜಾರು ಕೊಟ್ಟು ನಾಲೆ ತೋಡುತ್ತಾರೆ. ಗುಡ್ಡ ಎದುರಾದರೆ ಅದು ಹತ್ತುವುದಿಲ್ಲ, ಬಳಸಿಕೊಂಡು ಹೋಗುತ್ತದೆ. ಅಂದ ಮೇಲೆ ನಾಲೆಯ ಪಕ್ಕದ ಏರಿಯೂ ಸಪಾಟು. ಭುಜ ಮುರಿದವರಿಗೆ ಇದಕ್ಕಿಂತ ಬೇರೆ ದಾರಿ ಬೇಕಾ? ನಮ್ಮ ಕಡೆಯಂತೂ ನಾಲೆಗಳಿಗೆ ಬರವಿಲ್ಲ. ಶ್ರೀರಂಗಪಟ್ಟಣದ ಆಸುಪಾಸಿನಲ್ಲಿ ವಿರಿಜಾ ನಾಲೆ ಇದೆ. 17ನೇ ಶತಮಾನದಲ್ಲಿ ಚಿಕ್ಕದೇವರಾಜ ಒಡೆಯರ ಕಾಲದಲ್ಲಾದ ಚಿಕ್ಕದೇವರಾಯ ಸಾಗರ ನಾಲೆ ಇದೆ. ಕನ್ನಂಬಾಡಿ ಕಟ್ಟೆಯಿಂದ ಹೊರಡುವ ವಿಶ್ವೇಶ್ವರಯ್ಯ ನಾಲೆ ಇದೆ, ವಿ.ಸಿ. ನಾಲೆ ಅನ್ನುವುದು ಅದಕ್ಕೇ. ಹಿಂದಿನ ವರ್ಷ ಮಳೆ ಕೈಕೊಟ್ಟಿತ್ತು. 2024ರ ಜುಲೈನಲ್ಲಿ ಕಟ್ಟೆ ತುಂಬಿತು. ನಾನು ಏರಿ ಹಿಡಿದಾಗ ನಾಲೆಗಳಲ್ಲಿ ನೀರಿತ್ತು, ಗದ್ದೆಗಳಲ್ಲಿ ನಾಟಿ ನಡೆಯುತ್ತಿತ್ತು.

ಅಪಾಯ ಇಲ್ಲ ಅಂತಲ್ಲ. ಎಷ್ಟೋ ಕಡೆ ತಡೆಗೋಡೆಯಿಲ್ಲ. 2018ರ ನವೆಂಬರ್‌ನಲ್ಲಿ ಕನಗನಮರಡಿ ಹತ್ತಿರ ಬಸ್ಸು ವಿ.ಸಿ. ನಾಲೆಗೆ ಬಿದ್ದು 30 ಜನ ಸತ್ತದ್ದು ನಮ್ಮ ಕಡೆ ಯಾರೂ ಮರೆತಿಲ್ಲ. ಏರಿ ಕಿರಿದಾದ ಕಡೆ ನಾನು ಇಳಿದು ತಳ್ಳಿಕೊಂಡು ಹೋಗುತ್ತಿದ್ದೆ. ಮೊದಲಾಗಿದ್ದರೆ ಸೈಕಲ್ಲಿನಿಂದ ಇಳಿಯುವುದೆಂದರೆ ಅವಮಾನ ಅನಿಸುತ್ತಿತ್ತು.

ವಾಚ್ ಮನೆಯಲ್ಲೇ ಬಿಟ್ಟು ಹೋದೆ. ದೊಡ್ಡ ನಿರ್ಧಾರವೇನಲ್ಲ, ಮಣಿಕಟ್ಟು ಊದಿಕೊಳ್ಳುತ್ತಿತ್ತು ಅಷ್ಟೇ. ಗಂಟೆಗೆ ಹತ್ತು ಹನ್ನೆರಡು ಕಿಲೋಮೀಟರ್ ಇರಬೇಕು ನನ್ನ ವೇಗ. ನಾಟಿ ಮಾಡುವ ಹೆಂಗಸರ ಮಾತು ಪೂರ್ತಿ ಕೇಳಿಸುವಷ್ಟು ನಿಧಾನ. ಯಾರ ಸೊಸೆ ಯಾರ ಮೇಲೆ ಮುನಿಸಿಕೊಂಡು ತವರಿಗೆ ಹೋದಳು ಅನ್ನುವುದೂ ತಿಳಿಯುತ್ತಿತ್ತು. ಮಿಂಚುಳ್ಳಿ ಒಂದು ತಂತಿಯಿಂದ ಇನ್ನೊಂದಕ್ಕೆ ಹಾರುತ್ತಾ ನನ್ನ ಮುಂದೆ ಮುಂದೆಯೇ ಬರುತ್ತಿತ್ತು. ಆಲೆಮನೆಯ ಬೆಲ್ಲದ ಕಂಪು ಗಾಳಿ ತಿರುಗಿದಾಗ ಬಂದು, ಮತ್ತೆ ಇಲ್ಲವಾಗುತ್ತಿತ್ತು.

ಮೂರನೇ ವಾರ ಇರಬೇಕು. ಪಾಲಹಳ್ಳಿ ಕಡೆ ತೂಬಿನ ಹತ್ತಿರ, ಗದ್ದೆಗಳಿಗೆ ನೀರು ಬಿಡುವ ನೀರುಗಂಟಿ ಒಬ್ಬರು ಕೂತಿದ್ದರು. ವಯಸ್ಸಾದವರು, ಹೆಗಲ ಮೇಲೆ ಗುದ್ದಲಿ. ನಾನು ನೀರು ಕುಡಿಯಲು ನಿಂತೆ.

"ಎಲ್ಲಿಗೋಯ್ತಾ ಇದ್ದೀರವ್ವ?"

ಬಾಯಲ್ಲಿ ಉತ್ತರ ಇರಲಿಲ್ಲ. 300 ಇಲ್ಲ, ಬೆಟ್ಟ ಇಲ್ಲ, ತೂಕ ಇಳಿಸುವುದೂ ಅಲ್ಲ. "ಎಲ್ಲಿಗೂ ಇಲ್ಲ, ಸುಮ್ನೆ" ಅಂದೆ.

"ಸುಮ್ಕೆ? ಮೈಸೂರಿಂದ?"

"ಹೂಂ."

ಅವರು ನನ್ನನ್ನೂ ಸೈಕಲ್ಲನ್ನೂ ಒಂದು ಸಲ ನೋಡಿದರು. "ಆಗ್ಲಿ. ಮುಂದ್ಕೆ ಏರಿ ಕುಸ್ದದೆ, ಹುಷಾರು" ಅಂದು ತೂಬಿನ ಕಡೆ ತಿರುಗಿಕೊಂಡರು.

ಅವರಿಗೆ ಅದು ಅಷ್ಟೇ. ನನಗೆ ಮಾತ್ರ ದಾರಿಯುದ್ದಕ್ಕೂ ಅದೇ ಯೋಚನೆ. ಸುಮ್ನೆ ಅಂತ ಹೇಳಿ ನಾನು ಮನೆಯಿಂದ ಹೊರಗೆ ಹೋಗಿ ಎಷ್ಟು ವರ್ಷವಾಯಿತು? ಹುಡುಗಿಯಾಗಿದ್ದಾಗ ಅಣ್ಣನ ಸೈಕಲ್ಲಿಗೆ ಕಾದು ನಿಂತು "ಒಂದ್ ರೌಂಡ್ ಕೊಡೋ" ಅನ್ನುತ್ತಿದ್ದೆ. ಬಾರಿನ ಕೆಳಗೆ ಕಾಲು ತೂರಿಸಿ ಒಳಪೆಡಲು ತುಳಿಯುತ್ತಾ ಬೀದಿ ಸುತ್ತುತ್ತಿದ್ದೆ. ಆ ರೌಂಡಿಗೆ ಕಾರಣ ಇರಲಿಲ್ಲ. ಎಂಟನೇ ಕ್ಲಾಸಿಗೆ ಬಂದ ಮೇಲೆ ಕಾರಣ ಬೇಕಾಯಿತು. ಟ್ಯೂಷನ್, ಅಂಗಡಿ, ಮದ್ದಿನ ಚೀಟಿ. ಮದುವೆಯಾದ ಮೇಲಂತೂ ಹೆಂಗಸು ಸುಮ್ನೆ ಎಲ್ಲಿಗೆ ಹೋಗುತ್ತಾಳೆ? ಹಾಗಾಗಿ ನಾಲ್ವತ್ತರಲ್ಲಿ ಸೈಕಲ್ ಕೊಂಡಾಗ ಮೊದಲು ನಾನು ಹುಡುಕಿಕೊಂಡದ್ದು ಒಂದು ಗುರಿ. ಮೆಡಲ್ ತಂದರೆ, ಚಾರ್ಟ್ ತೋರಿಸಿದರೆ, ಬೆಳಿಗ್ಗೆ ಐದಕ್ಕೆ ಹೋಗುವುದು ಸರಿ ಅನ್ನಿಸಿಕೊಳ್ಳುತ್ತದೆ. ಮನೆಯವರು ಕಾರಣ ಕೇಳದಿದ್ದರೂ ನಾನೇ ರಜಾ ಚೀಟಿ ಬರೆದು ಬರೆದು ಕೊಡುತ್ತಿದ್ದೆ. ಕೊನೆಗೆ ಆ ಚೀಟಿಯೇ ಸವಾರಿ ಅಂತ ನಂಬಿಬಿಟ್ಟಿದ್ದೆ. ಮೂಳೆ ಮುರಿದುಕೊಂಡು ಕೂತಾಗಲೂ ವಾಚ್ ನಿಲ್ಲಿಸಿದ್ದು ಇನ್ನೇಕೆ?

ಮರುದಿನ ಬೆಳಿಗ್ಗೆ ಅತ್ತೆ ಎಂದಿನ ಹಾಗೆ ಕೇಳಿದರು, "ಇವತ್ತೇನಿದೆ?" ಏನಿಲ್ಲ, ಸುಮ್ನೆ ಒಂದು ರೌಂಡ್ ಅಂದೆ. ಬೈಗುಳಕ್ಕೆ ಕಾದೆ. "ಬರುವಾಗ ಎಳೆ ಸೌತೆಕಾಯಿ ಸಿಕ್ಕಿದರೆ ತಾ" ಅಂದರು.

ಇಳಿಜಾರಿನ ಭಯ ಮಾತ್ರ ಸುಮ್ನೆ ಹೋಗಲಿಲ್ಲ. ಅದಕ್ಕೆ ದುಡಿಯಬೇಕಾಯಿತು. ಅಕ್ಟೋಬರಿನಲ್ಲಿ ವಿ.ಸಿ. ನಾಲೆಯ ಜಾಡು ಹಿಡಿದು ಹುಲಿಕೆರೆಯವರೆಗೆ ಹೋದೆ. ಅಲ್ಲಿ ನಾಲೆ ಗುಡ್ಡ ಬಳಸುವುದಿಲ್ಲ, 2.5 ಕಿಲೋಮೀಟರಿಗೂ ಜಾಸ್ತಿ ಉದ್ದದ ಸುರಂಗದಲ್ಲಿ ನುಗ್ಗಿಹೋಗುತ್ತದೆ. ನೀರು ಒಳಗೆ ಹೋಯಿತು, ನಾನು ಮೇಲೆ ಉಳಿದೆ. ಅದನ್ನು ಆ ಕಡೆ ಹೋಗಿ ಹಿಡಿಯಬೇಕಾದರೆ ಏರು ಹತ್ತಿ ಇಳಿಯಲೇಬೇಕು. ಇಳಿದೆ, ಅರ್ಧ ದಾರಿ ನಡೆದುಕೊಂಡು. ಆಮೇಲೆ ವಾರಕ್ಕೊಮ್ಮೆ ಕರಿಘಟ್ಟಕ್ಕೆ ಹೋಗಿ ಅದೇ ಇಳಿಜಾರನ್ನು ಮತ್ತೆ ಮತ್ತೆ ಇಳಿದೆ. ಬ್ರೇಕ್ ಹಿಡಿಯುವುದೇನಿದ್ದರೂ ತಿರುವಿಗೆ ಮೊದಲೇ. ಹೊರಗಿನ ಕಾಲು ಕೆಳಗೆ, ಭಾರವೆಲ್ಲ ಅದರ ಮೇಲೆ. ಕಣ್ಣು ಮರಳಿನ ಮೇಲಲ್ಲ, ತಿರುವು ಮುಗಿಯುವ ಕಡೆ. ಕಣ್ಣು ಹೋದಲ್ಲಿಗೇ ಸೈಕಲ್ ಹೋಗುತ್ತದೆ. ಮೊದಲೂ ಇದೆಲ್ಲ ಗೊತ್ತಿತ್ತು, ಬಾಯಿಪಾಠವಾಗಿ.

ಚಾಮುಂಡಿ ಬೆಟ್ಟ ಹತ್ತಿದ್ದು ಸಂಕ್ರಾಂತಿ ಕಳೆದ ಮೇಲೆ. ತಾವರೆಕಟ್ಟೆ ಕಡೆಯಿಂದ, ಎರಡು ಕಡೆ ನಿಂತು ನಿಂತು. ಇಳಿಯುವಾಗ ಆ ತಿರುವಿನ ಹತ್ತಿರ ನಿಲ್ಲಿಸಿ, ಸೈಕಲ್ಲನ್ನು ಮರಕ್ಕೆ ಒರಗಿಸಿದೆ. ಎಡ ಭುಜದ ಮೇಲೆ ಮೂಳೆ ಕೂಡಿದ ಕಡೆ ಈಗಲೂ ಒಂದು ಸಣ್ಣ ಗಂಟಿದೆ, ಅದನ್ನು ಮುಟ್ಟಿ ನೋಡಿಕೊಂಡೆ. ಮರಳು ಇನ್ನೂ ಇತ್ತು. ಅದೇ ಮರಳೋ, ಆಮೇಲಿನ ಮಳೆಯದೋ. ಶೂ ಅಂಚಿನಲ್ಲಿ ಕೆರೆದು ಕೆರೆದು ರಸ್ತೆ ಪಕ್ಕಕ್ಕೆ ತಳ್ಳತೊಡಗಿದೆ. ಹುಡುಗನೊಬ್ಬ ಸೈಕಲ್ಲಿನಲ್ಲಿ ಬಗ್ಗಿಕೊಂಡು ಜೋರಾಗಿ ಬರುತ್ತಿದ್ದ. "ಮರಳಿದೆ, ನಿಧಾನ!" ಅಂತ ಕೂಗಿದೆ. ವೇಗ ಸ್ವಲ್ಪ ತಗ್ಗಿಸಿದ, ವಾಚ್ ನೋಡಿಕೊಂಡ, ಹೋದ. ನಾನು ಉಳಿದ ಮರಳನ್ನು ತಳ್ಳುತ್ತಾ ಇದ್ದೆ.