ನಾಲ್ಕೇ ಇಂಚಿನ ಸಸ್ಪೆನ್ಷನ್: ವಿಂಟೇಜ್ ಮೋಟೋಕ್ರಾಸಲ್ಲಿ ನಂಗಿಷ್ಟದ ಕ್ಲಾಸ್‌ಗಳು

ವಿಂಟೇಜ್ ಮೋಟೋಕ್ರಾಸಲ್ಲಿ, ಅಂದ್ರೆ ಹಳೇ ಬೈಕ್‌ಗಳ ಮಣ್ಣಿನ ಟ್ರ್ಯಾಕ್ ರೇಸಲ್ಲಿ, ಯಾವ ಕ್ಲಾಸ್ ಇಷ್ಟ ಅಂತ ಯಾರಾದ್ರೂ ಕೇಳಿದ್ರೆ ನಾನು ಯೋಚ್ನೆನೇ ಮಾಡಲ್ಲ, ಸ್ಪೋರ್ಟ್ಸ್‌ಮನ್ 250. ಗಾಡಿ 1974ರ ಮಾಡೆಲ್‌ವರೆಗಿಂದು ಆಗಿರ್ಬೇಕು, ಸಸ್ಪೆನ್ಷನಲ್ಲಿ ಮುಂದಿನ ಚಕ್ರ 7 ಇಂಚು, ಹಿಂದಿನ ಚಕ್ರ 4 ಇಂಚು, ಅದಕ್ಕಿಂತ ಜಾಸ್ತಿ ಮೇಲೆ ಕೆಳಗೆ ಆಡೋ ಹಾಗಿಲ್ಲ. ಇವತ್ತಿನ ಮೋಟೋಕ್ರಾಸ್ ಬೈಕ್‌ಗಳಲ್ಲಿ ಹಿಂದೆನೇ ಸುಮಾರು 12 ಇಂಚು ಇರತ್ತೆ, ಎಂಥ ಗುಂಡಿ ಬಂದ್ರೂ ನುಂಗಿಬಿಡತ್ತೆ. ನಮ್ಮದರಲ್ಲಿ ಗುಂಡಿಯನ್ನ ಬೈಕ್ ನುಂಗಲ್ಲ, ಓಡಿಸೋನೇ ಮೊದಲೇ ನೋಡಿ ದಾರಿ ಹುಡುಕ್ಬೇಕು, ನಂಗೆ ಈ ಕ್ಲಾಸ್ ಇಷ್ಟ ಆಗೋದಕ್ಕೆ ಇದೇ ಕಾರಣ.

ನಾನು ಮೈಸೂರಿನವನು, ಈಗಿರೋದು ಅಮೆರಿಕದ ಓಹೈಯೋದಲ್ಲಿ. ಇಲ್ಲಿ ಹಳೇ ಬೈಕ್ ರೇಸ್‌ಗಳನ್ನ ನಡೆಸೋ ದೊಡ್ಡ ಸಂಸ್ಥೆ ಅಮೆರಿಕನ್ ಹಿಸ್ಟಾರಿಕ್ ರೇಸಿಂಗ್ ಮೋಟರ್‌ಸೈಕಲ್ ಅಸೋಸಿಯೇಷನ್, ಬಾಯ್ಮಾತಲ್ಲಿ ಎಲ್ಲರೂ ಆರ್ಮಾ ಅಂತಾರೆ. ಅವರ ಕ್ಲಾಸ್ ಪಟ್ಟಿ ಮೊದಲ ಸಲ ನೋಡಿದವರಿಗೆ ತಲೆ ತಿರುಗತ್ತೆ ಆದ್ರೆ ಅದರ ಹಿಂದೆ ಇರೋ ಲೆಕ್ಕ ಸುಲಭ, ಬೈಕಿನ ಕಾಲ ಮತ್ತೆ ಇಂಜಿನ್ ಸಿಸಿ. ತುಂಬ ಹಳೇ ಫೋರ್ ಸ್ಟ್ರೋಕ್‌ಗಳಿಗೆ ಪ್ರೀಮಿಯರ್, ಅರವತ್ತರ ದಶಕದ ಟೂ ಸ್ಟ್ರೋಕ್‌ಗಳಿಗೆ ಕ್ಲಾಸಿಕ್, ಅದಾದ್ಮೇಲೆ 1974ರ ತನಕ ಸ್ಪೋರ್ಟ್ಸ್‌ಮನ್, ಅಲ್ಲಿಗೆ ವಿಂಟೇಜ್ ಮುಗೀತು. ಆಮೇಲಿಂದೆಲ್ಲ ಪೋಸ್ಟ್ ವಿಂಟೇಜ್, ಅದ್ರಲ್ಲಿ ಹಿಸ್ಟಾರಿಕ್, ಗ್ರ್ಯಾನ್ ಪ್ರೀ, ಅಲ್ಟಿಮಾ ಅಂತ ಮುಂದಕ್ಕೆ ಹೋಗತ್ತೆ. ಇದಲ್ದೆ ವಯಸ್ಸಿನ ಮೇಲೂ ಕ್ಲಾಸ್ ಇದೆ, 70 ದಾಟಿದವರಿಗೂ ಇದೆ, ಅವರು ಸ್ಟಾರ್ಟಲ್ಲಿ ಮೊಣಕೈ ಅಗಲ ಮಾಡ್ಕೊಂಡು ನುಗ್ಗೋದನ್ನ ನೋಡ್ಬೇಕು ನೀವು.

ಮತ್ತೆ 1974ರ ಹತ್ರನೇ ಯಾಕೆ ಗೆರೆ ಎಳೆದ್ರು ಅಂದ್ರೆ, ಆಗಲೇ ಮೋಟೋಕ್ರಾಸ್ ಬೈಕ್ ಅನ್ನೋದು ಪೂರ್ತಿ ಬದಲಾಗಿದ್ದು. 1973ರಲ್ಲಿ ಸ್ವೀಡನ್ನಿನ ಹೋಕನ್ ಆಂಡರ್ಸನ್ ಯಮಹಾದ ಮೋನೋಶಾಕ್ (ಹಿಂದೆ ಒಂದೇ ಶಾಕ್ ಇರೋ) ಬೈಕಲ್ಲಿ 250 ವಿಶ್ವ ಚಾಂಪಿಯನ್ ಆದ, ಅದನ್ನ ನೋಡಿ ಉಳಿದ ಕಂಪನಿಗಳೂ ಹಿಂದಿನ ಶಾಕ್‌ಗಳನ್ನ ಮುಂದಕ್ಕೆ ವಾಲಿಸಿ, ಸ್ವಿಂಗ್ ಆರ್ಮ್ ಮೇಲೆ ಜಾಗ ಬದಲಾಯಿಸಿ, ವರ್ಷ ವರ್ಷ ಟ್ರಾವೆಲ್, ಅಂದ್ರೆ ಚಕ್ರ ಮೇಲೆ ಕೆಳಗೆ ಆಡೋ ಅಳತೆ, ಜಾಸ್ತಿ ಮಾಡ್ತಾ ಹೋದ್ರು. ಅದರ ಹಿಂದಿನ ಬೈಕ್‌ಗೂ ಮುಂದಿನ ಬೈಕ್‌ಗೂ ಒಂದೇ ರೇಸ್ ಇಟ್ರೆ ನ್ಯಾಯ ಆಗಲ್ಲ.

ನಾನು ಓಡಿಸೋದು ಸೀಝೆಡ್ 250. ಮೈಸೂರಿನವರಿಗೆ ಕಾರಣ ಹೇಳೋದೇ ಬೇಡ. ಯಾದವಗಿರಿಯ ಐಡಿಯಲ್ ಜಾವಾ ಫ್ಯಾಕ್ಟರಿ 1961ರಿಂದ ಜಾವಾ ಮಾಡ್ತು, 1973ರಿಂದ ಯೆಜ್ಡಿ ಅಂತ ಹೆಸರಾಯ್ತು, 1996ರಲ್ಲಿ ಮುಚ್ಚಿತು. ನಮ್ಮಪ್ಪನ ಹತ್ರನೂ ಯೆಜ್ಡಿ ಇತ್ತು, ನಾನು ಪ್ಲಗ್ ಬಿಚ್ಚೋದು ಪಾಯಿಂಟ್ ಗ್ಯಾಪ್ ಸೆಟ್ ಮಾಡೋದು ಕಲಿತಿದ್ದೇ ಅದ್ರಲ್ಲಿ. ಸೀಝೆಡ್ (CZ) ಕೂಡ ಜಾವಾ ಹಾಗೇ ಚೆಕೊಸ್ಲೊವಾಕಿಯಾದ್ದು, ಸ್ಟ್ರಾಕೊನಿತ್ಸೆ ಊರಿನ ಕಂಪನಿ, ಜಾವಾದ ಜೊತೆಗಾರ. ಅರವತ್ತರ ದಶಕದಲ್ಲಿ ಮೋಟೋಕ್ರಾಸಲ್ಲಿ ಇವರನ್ನ ಹಿಡಿಯೋರೇ ಕಮ್ಮಿ, ಬೆಲ್ಜಿಯಂನ ಜೋಯಲ್ ರೋಬೇರ್ 1964ರಲ್ಲಿ 20 ವರ್ಷಕ್ಕೇ ಸೀಝೆಡ್ ಮೇಲೆ 250 ವಿಶ್ವ ಚಾಂಪಿಯನ್ ಆದ, ಆಮೇಲೆ 1968, 69ರಲ್ಲೂ ಅದೇ ಬೈಕಲ್ಲಿ ಗೆದ್ದ, ಇನ್ನು 500ರಲ್ಲಿ ಪೂರ್ವ ಜರ್ಮನಿಯ ಪೌಲ್ ಫ್ರೀಡ್ರಿಕ್ಸ್ 1966ರಿಂದ 68ರ ತನಕ ಸತತ ಮೂರು ವರ್ಷ. ನಂಗೆ ಇವರೆಲ್ಲರಿಗಿಂತ ಹತ್ತಿರದವನು ಸೀಝೆಡ್ ಓಡಿಸ್ತಿದ್ದ ಚೆಕ್ ರೈಡರ್ ಯಾರೋಸ್ಲಾವ್ ಫಾಲ್ಟಾ. 1974ರಲ್ಲಿ ಲಾಸ್ ಏಂಜಲೀಸ್ ಸ್ಟೇಡಿಯಂಗೆ ಬಂದು ಅಲ್ಲಿನವರ ಮುಂದೇನೇ ಸೂಪರ್ ಬೌಲ್ ಆಫ್ ಮೋಟೋಕ್ರಾಸ್ ಗೆದ್ದ, ಅದೇ ವರ್ಷ ವಿಶ್ವ ಚಾಂಪಿಯನ್‌ಶಿಪ್ ಕೈಗೆ ಬಂದಿದ್ದು ಕೊನೇ ರೇಸಲ್ಲಿ ಪೆನಾಲ್ಟಿಯಿಂದ ತಪ್ಪಿ ಸೋವಿಯತ್ ರೈಡರ್ ಮೊಯ್ಸೆಯೆವ್ ಪಾಲಾಯ್ತು. ನಂಗೆ ಅದನ್ನ ಓದಿದಾಗೆಲ್ಲ ಈಗಲೂ ಹೊಟ್ಟೆ ಉರಿಯತ್ತೆ.

ಇನ್ನು ಗಾಡಿ ರೆಡಿ ಮಾಡೋ ವಿಷ್ಯ. ಸೀಝೆಡ್‌ದು ಒಳ್ಳೇ ಗುಣ ಅಂದ್ರೆ ಇಂಜಿನ್ ಕೆಳಗಿಂದಾನೇ ಎಳೆಯತ್ತೆ, ಗೇರ್ ನಾಲ್ಕೇ ಆದ್ರೂ ಪದೇ ಪದೇ ಬದಲಾಯಿಸೋ ಗೋಜಿಲ್ಲ. ಹಳೇ ಯಿಕೋವ್ ಕಾರ್ಬ್ಯುರೇಟರ್ ತೆಗೆದು ಮಿಕುನಿ ಹಾಕಿದೀನಿ, ಪಾಯಿಂಟ್ ಇಗ್ನಿಷನ್ ತೆಗೆದು ಎಲೆಕ್ಟ್ರಾನಿಕ್ ಹಾಕಿದೀನಿ, ಹಾಗಾಗಿ ಈಗ ಕಿಕ್ಕಿಗೆ ಸರಿಯಾಗಿ ಸ್ಟಾರ್ಟ್ ಆಗತ್ತೆ. ಆಯಿಲ್ ಆ ಕಾಲದಲ್ಲಿ 20ಕ್ಕೆ 1 ಹಾಕ್ತಿದ್ರು, ಈಗಿನ ಒಳ್ಳೇ ಟೂಟಿ ಆಯಿಲಿಗೆ ನಾನು 32ಕ್ಕೆ 1 ಹಾಕ್ತೀನಿ, ಅಂದ್ರೆ ಲೀಟರಿಗೆ ಸುಮಾರು 30 ಎಂಎಲ್, ಬಂಕಲ್ಲಿ ಯೆಜ್ಡಿಗೆ ಆಯಿಲ್ ಹಾಕಿಸಿದ್ದು ನೆನಪಿರೋರಿಗೆ ಇದೇನು ಹೊಸದಲ್ಲ.

ಸಸ್ಪೆನ್ಷನ್ ಅಳತೆ ಮಾತ್ರ ಮನೇಲೇ ಸರಿಯಾಗಿ ಮಾಡ್ಕೊಂಡು ಹೋಗಿ. ಹೊಸ ಶಾಕ್ ಕೊಂಡ್ರೆ ಅದರ ಸ್ಪ್ರಿಂಗ್ ಬಿಚ್ಚಿ, ಬರೀ ಡ್ಯಾಂಪರ್ ಹಾಕಿ, ಚಕ್ರನ ಕೈಯಲ್ಲಿ ಪೂರ್ತಿ ಎತ್ತಿ, ಆಕ್ಸಲ್ ಎಷ್ಟು ಮೇಲೆ ಹೋಯ್ತು ಅಂತ ಟೇಪಲ್ಲಿ ಅಳೀರಿ. ಅಳೀಬೇಕಾಗಿರೋದು ಆಕ್ಸಲ್ ಹತ್ರ, ಶಾಕ್ ರಾಡ್ ಹತ್ರ ಅಲ್ಲ, ಎರಡಕ್ಕೂ ವ್ಯತ್ಯಾಸ ಬರತ್ತೆ. 4 ಇಂಚು ದಾಟಿದ್ರೆ ರಾಡಿಗೆ ಒಂದು ಸ್ಪೇಸರ್ ಹಾಕಿ. ಫೋರ್ಕಿಗೂ ಹಾಗೇ, ಒಳಗೆ ಡ್ಯಾಂಪರ್ ರಾಡಿಗೆ ಸಣ್ಣ ಪೈಪ್ ತುಂಡು ಹಾಕಿದ್ರೆ 7ಕ್ಕೆ ನಿಲ್ಲತ್ತೆ.

ಟ್ರ್ಯಾಕಲ್ಲಿ ಏನಾಗತ್ತೆ ಅಂದ್ರೆ, ಒಳ್ಳೇ ವಿಂಟೇಜ್ ಟ್ರ್ಯಾಕಲ್ಲಿ ಡಬಲ್ ಜಂಪ್ ಟ್ರಿಪಲ್ ಜಂಪ್ ಇರಲ್ಲ, ಹುಲ್ಲು ಗುಡ್ಡ ಇಳಿಜಾರು ತಿರುವು, ಇದ್ದ ನೆಲನೇ ಟ್ರ್ಯಾಕು. ಬೆಳಿಗ್ಗೆ ಪ್ರಾಕ್ಟೀಸಲ್ಲಿ ಎಲ್ಲ ನುಣ್ಣಗಿರತ್ತೆ, ಎರಡನೇ ಮೋಟೋ (ದಿನದ ಎರಡನೇ ಸುತ್ತಿನ ರೇಸ್) ಹೊತ್ತಿಗೆ ತಿರುವಿನ ಮುಂಚೆ ಬ್ರೇಕ್ ಹಾಕೋ ಜಾಗದಲ್ಲೆಲ್ಲ ಸಾಲಾಗಿ ಗುಂಡಿ ಬಿದ್ದಿರತ್ತೆ, ಎಲ್ರೂ ಒಳಗಿನ ಲೈನಿಗೆ ನುಗ್ತಾರೆ, ನಾನು ಹೊರಗಡೆ ಹುಲ್ಲು ಉಳಿದಿರೋ ಕಡೆ ದೊಡ್ಡ ಸುತ್ತು ಹಾಕ್ತೀನಿ. ದೂರ ಜಾಸ್ತಿ ಆದ್ರೂ ಗ್ಯಾಸ್ (ಆಕ್ಸಿಲರೇಟರ್) ಬಿಡ್ಬೇಕಾಗಿಲ್ಲ, ಸೀಝೆಡ್ ಉದ್ದ ತಿರುವಲ್ಲಿ ಅಲ್ಲಾಡದೆ ನಿಲ್ಲತ್ತೆ, ಹೊರಗೆ ಬರೋವಾಗ ಒಳಗಿನವರಿಗಿಂತ ನನ್ನ ವೇಗನೇ ಜಾಸ್ತಿ ಇರತ್ತೆ, ಮುಂದಿನ ಏರಲ್ಲಿ ಅವರನ್ನ ದಾಟೋ ಆ ಖುಷಿಗೋಸ್ಕರ ನಾನು ವಾರವಿಡೀ ಕಾಯ್ತೀನಿ. ಡ್ರಮ್ ಬ್ರೇಕ್ ಆಗಿರೋದ್ರಿಂದ ಬೇಗನೇ ಒತ್ತೋಕೆ ಶುರು ಮಾಡ್ಬೇಕು, ನೀರಲ್ಲಿ ಹಾದು ಬಂದ್ರೆ ಸ್ವಲ್ಪ ದೂರ ಬ್ರೇಕ್ ಲೈಟಾಗಿ ಹಿಡ್ಕೊಂಡೇ ಓಡಿಸಿ ಒಣಗಿಸ್ಕೋಬೇಕು, ಇಲ್ಲಾಂದ್ರೆ ಮುಂದಿನ ತಿರುವಲ್ಲಿ ಬ್ರೇಕೇ ಇರಲ್ಲ.

ಎರಡನೇ ಇಷ್ಟದ್ದು ಸ್ಪೋರ್ಟ್ಸ್‌ಮನ್ 125. ಇಲ್ಲಿ ಓಹೈಯೋದಲ್ಲಿ ಈ ಕ್ಲಾಸಿಗೆ ಬೇರೇನೇ ಮರ್ಯಾದೆ, ಯಾಕಂದ್ರೆ ಇಲ್ಲೇ ಆಮ್ಹರ್ಸ್ಟ್ ಊರಿನ ಜಾನ್ ಪೆಂಟನ್ 1968ರಲ್ಲಿ ತನ್ನ ಹೆಸರಿನ ಚಿಕ್ಕ ಬೈಕ್‌ಗಳನ್ನ ಆಸ್ಟ್ರಿಯಾದಲ್ಲಿ ಮಾಡಿಸಿ ತಂದಿದ್ದು, ಮಾಡಿಕೊಟ್ಟಿದ್ದು ಕೆಟಿಎಂ, ಈಗ ನಮ್ಮೂರ ಹುಡುಗ್ರು ಡ್ಯೂಕ್ ಡ್ಯೂಕ್ ಅಂತಾರಲ್ಲ ಅದೇ ಕಂಪನಿ. ಒಬ್ಬ ಸ್ನೇಹಿತರ ಪೆಂಟನ್ ಓಡಿಸಿದೀನಿ. 125ರಲ್ಲಿ ಒಂದು ಸಲ ವೇಗ ಕಳ್ಕೊಂಡ್ರೆ ಮತ್ತೆ ತರೋದು ಕಷ್ಟ, ಹಾಗಾಗಿ ಬ್ರೇಕ್ ಕಮ್ಮಿ, ಗೇರ್ ಮೇಲೆ ಗೇರ್, ಗ್ಯಾಸ್ ಪೂರ್ತಿ. ಹೊಸದಾಗಿ ಬರೋರಿಗೆ ನಾನು ಇದನ್ನೇ ಹೇಳೋದು, ಹಗುರ ಇರತ್ತೆ, ಬಿದ್ರೂ ಎತ್ತೋದು ಸುಲಭ, ಬೇಗ ಕಲೀತೀರ.

ಪ್ರೀಮಿಯರ್ 500 ನಾನು ಓಡಿಸೋದಕ್ಕಿಂತ ಕಿವಿ ಕೊಟ್ಟು ಕೇಳೋ ಕ್ಲಾಸು. ಬ್ರಿಟನ್ನಿನ ಬಿಎಸ್ಎ ಗೋಲ್ಡ್ ಸ್ಟಾರ್, ಮ್ಯಾಚ್‌ಲೆಸ್ ಇವೆಲ್ಲ ಸಾಲಾಗಿ ನಿಂತು ಒಟ್ಟಿಗೆ ಹೊರಟ್ರೆ ಎದೆ ಒಳಗೇ ಗುದ್ದಿದ ಹಾಗಾಗತ್ತೆ. ಹಳೇ ಬುಲೆಟ್ ಓಡಿಸಿದವರಿಗೆ ಇಲ್ಲೊಂದು ಅನುಕೂಲ ಇದೆ, ಬಲಗಾಲಲ್ಲಿ ಗೇರು ಎಡಗಾಲಲ್ಲಿ ಬ್ರೇಕು, ಅಮೆರಿಕದ ರೈಡರ್‌ಗಳು ಇದಕ್ಕೆ ಒಗ್ಗೋಕೆ ತುಂಬ ಒದ್ದಾಡ್ತಾರೆ, ನಮ್ಮವರ ಕಾಲಿಗೆ ಅದು ಮೊದಲೇ ಗೊತ್ತಿರತ್ತೆ.

ಪೋಸ್ಟ್ ವಿಂಟೇಜಲ್ಲಿ ನಂಗೆ ಆಸೆ ಇರೋದು ಗ್ರ್ಯಾನ್ ಪ್ರೀ 500 ಒಂದೇ, ಅದೂ 1981ರ ಜರ್ಮನ್ ಬೈಕ್ ಮೈಕೋ 490 ಇದೆ ಅನ್ನೋ ಕಾರಣಕ್ಕೆ. ಗಾಳಿಯಲ್ಲೇ ತಣ್ಣಗಾಗೋ ಇಂಜಿನ್, ಡ್ರಮ್ ಬ್ರೇಕ್, ಹಿಂದೆ ಎರಡು ಶಾಕ್, ಆದ್ರೂ ತಿರುವಲ್ಲಿ ಇಟ್ಟ ಕಡೆ ಇರತ್ತೆ. ಅಲ್ಟಿಮಾ ಬೈಕ್‌ಗಳು ಒಳ್ಳೇವೇ, ಹಿಂದಿನ ಶಾಕಿಗೆ ಲಿಂಕೇಜ್ ಬಂತು ಇಂಜಿನಿಗೆ ವಾಟರ್ ಕೂಲಿಂಗ್ ಬಂತು, ಆದ್ರೆ ಅದನ್ನ ಓಡಿಸೋವಾಗ ನಂಗೆ ಇವತ್ತಿನ ಬೈಕೇ ನೆನಪಾಗತ್ತೆ, ಅಷ್ಟಕ್ಕೆ ಇವತ್ತಿನದನ್ನೇ ಓಡಿಸ್ಬೋದಲ್ಲ ಅನ್ಸತ್ತೆ.

ಶುರು ಮಾಡ್ಬೇಕು ಅಂತಿರೋರು ಮೊದಲು ಬೈಕ್ ಕೊಳ್ಳೋಕೆ ಹೋಗ್ಬೇಡಿ, ಜುಲೈನಲ್ಲಿ ಇಲ್ಲಿ ಲೆಕ್ಸಿಂಗ್ಟನ್ ಹತ್ರ ಮಿಡ್ ಓಹೈಯೋ ಟ್ರ್ಯಾಕಲ್ಲಿ ವಿಂಟೇಜ್ ಮೋಟರ್‌ಸೈಕಲ್ ಡೇಸ್ ನಡೆಯತ್ತೆ, ಒಂದು ದಿನ ಸುಮ್ನೆ ಬಂದು ರೇಸ್ ನೋಡಿ, ಆಮೇಲೆ ಅಲ್ಲೇ ಇರೋ ಹಳೇ ಪಾರ್ಟ್ಸ್ ಸಂತೆಯಲ್ಲಿ ಓಡಾಡಿ, ಮಾರೋರನ್ನ ಮಾತಾಡ್ಸಿ, ಯಾವ ಬೈಕಿಗೆ ಪಿಸ್ಟನ್, ಕ್ಲಚ್ ಪ್ಲೇಟ್ ಸುಲಭಕ್ಕೆ ಸಿಗತ್ತೆ ಅಂತ ಕೇಳ್ಕೊಂಡು ಆಮೇಲೆ ಕ್ಲಾಸ್ ಆರಿಸ್ಕೊಳ್ಳಿ. ನಾನೂ ಈ ಸಲ ಅಲ್ಲಿ ಹುಡುಕೋಕೆ ಹೋಗೋದು ಕ್ಲಾಸಿಕ್ 250ಗೆ, ಅರವತ್ತರ ದಶಕದ ಟ್ವಿನ್ ಪೈಪ್ ಸೀಝೆಡ್, ಒಂದೇ ಸಿಲಿಂಡರ್ ಎರಡು ಸೈಲೆನ್ಸರ್, ನಮ್ಮ ಜಾವಾ ಯೆಜ್ಡಿ ಹಾಗೇನೇ. ಇಂಜಿನ್ ಕೇಸ್, ಸಿಲಿಂಡರ್ ಆಗ್ಲೇ ಗ್ಯಾರೇಜಲ್ಲಿ ಇದೆ, ಬೇಕಾಗಿರೋದು ಬಿರುಕು ಬಿಡದ ಒಂದು ಫ್ರೇಮು ಮತ್ತೆ ಎಡಗಡೆ ಪೈಪು.