ವೆಂಡರ್ ಫೋಲ್ಡರಿಗೆ ಕೈ ಹಾಕದೆ ಪ್ಯಾಚ್ ನಿಭಾಯಿಸಿದ್ದು: ನನ್ನ ಅನುಭವ

ಬದಿಯಡ್ಕ, ಪೆರ್ಲ ಕಡೆಯ ಅಡಿಕೆ ಅಂಗಡಿಗಳಿಗೆ ಬಿಲ್ಲಿಂಗ್ ಸಾಫ್ಟ್‌ವೇರ್ ಮಾಡಿ ಕೊಡುದು ನನ್ನ ಕೆಲಸ. ಬಿಲ್ ಕನ್ನಡದಲ್ಲೂ ಬೇಕು, ಮಲಯಾಳದಲ್ಲೂ ಬೇಕು, ಪ್ರಿಂಟರ್ ಲೈಬ್ರರಿ (ಪ್ರಿಂಟ್ ಮಾಡ್ಲಿಕ್ಕೆ ಬೇರೆಯವರು ಬರೆದಿಟ್ಟ ರೆಡಿ ಕೋಡ್) ಬರೆದವರಿಗೆ ಎರಡೂ ಗೊತ್ತಿಲ್ಲ. ಹಾಗಾಗಿ ಅದರ ಮೇಲೆ ನಮ್ಮದೇ ಒಂದು 15 ಪ್ಯಾಚ್, ಅಂದ್ರೆ ಕೋಡಿಗೆ ಮಾಡಿದ ತಿದ್ದುಪಡಿಯ ಫೈಲ್, ಇತ್ತು. "ಫೋರ್ಕ್ ಮಾಡಿ ಬಿಡು ಮಾರಾಯ, ಇದೆಲ್ಲ ಆಗುವ ಹೋಗುವ ಮಾತಲ್ಲ" ಅಂತ ಮಂಗಳೂರಿನ ದೋಸ್ತಿ ನಗಾಡ್ತಿದ್ದ. ಫೋರ್ಕ್ ಅಂದ್ರೆ ಲೈಬ್ರರಿಯ ನಮ್ಮದೇ ಪ್ರತಿ ಮಾಡಿ ಬೇರೆ ನಡೆಸುದು. ಈ ಸಲ ಎರಡು ಮೇಜರ್ ವರ್ಷನ್ ಹಾರಿ ಅಪ್‌ಗ್ರೇಡ್ ಮಾಡಿದ್ದು ಊಟ ಆದ ಮೇಲೆ ಕೂತು ಚಾಯದ ಹೊತ್ತಿಗೆ ಮುಗೀತು.

ಮೊದಲು ಈ ಕೋಡ್ ನೋಡಿಕೊಳ್ತಿದ್ದವರು ಸೀದಾ ವೆಂಡರ್ ಫೋಲ್ಡರಲ್ಲೇ (ಹೊರಗಿನ ಲೈಬ್ರರಿ ಇಡುವ ಜಾಗ) ತಿದ್ದಿದ್ದರು, ಎಲ್ಲಿ ಯಾಕೆ ಅಂತ ಒಂದು ಗೆರೆ ಬರೆದಿಟ್ಟಿಲ್ಲ. ಅದನ್ನು ಹುಡುಕಿ ಬೇರೆ ಮಾಡಿಸ್ಲಿಕ್ಕೇ ಒಬ್ಬ ಫ್ರೀಲಾನ್ಸರಿಗೆ 40,000ದ ಹತ್ರ ಹೋಯ್ತು, ಮಧ್ಯೆ ಎರಡು ಅಂಗಡಿಯ ಎಎಂಸಿಯೂ (ವರ್ಷದ ಮೇಂಟೆನೆನ್ಸ್ ಕಾಂಟ್ರಾಕ್ಟ್) ಕೈ ಬಿಟ್ಟಿತು. ಮತ್ತೆ ಫೋರ್ಕ್ ಮಾಡಿ ನೋಡಿದೆ. ಅಪ್‌ಸ್ಟ್ರೀಮಿನವರು, ಅಂದ್ರೆ ಮೂಲ ಲೈಬ್ರರಿಯವರು, ಒಂದು ದಿನ ಎಲ್ಲ ಫೈಲಿಗೂ ಫಾರ್ಮ್ಯಾಟರ್ (ಕೋಡಿನ ಗೆರೆಗಳನ್ನು ಒಂದೇ ಶೈಲಿಗೆ ತರುವ ಟೂಲ್) ಓಡಿಸಿದರು ನೋಡಿ, ಅವರದ್ದನ್ನು ನಮ್ಮದಕ್ಕೆ ಮರ್ಜ್ ಮಾಡ್ಲಿಕ್ಕೆ ಹೋದರೆ ಗೆರೆ ಗೆರೆಗೂ ಕಾನ್‌ಫ್ಲಿಕ್ಟ್. 

ಈಗ ಅಪ್‌ಸ್ಟ್ರೀಮ್ ಟಾರ್‌ಬಾಲ್ (ಅವರ ಕೋಡಿನ ಇಡೀ ಕಟ್ಟು) ಇದ್ದ ಹಾಗೇ ಇರ್ತದೆ, ಪಕ್ಕದಲ್ಲಿ ಪ್ಯಾಚಸ್ ಫೋಲ್ಡರ್, ಅದರಲ್ಲಿ ಯಾವ ಪ್ಯಾಚ್ ಯಾವುದರ ನಂತರ ಅಂತ ಹೇಳುವ ಸೀರೀಸ್ ಫೈಲ್. ಡೆಬಿಯನ್ ಲಿನಕ್ಸಿನವರು ಕ್ವಿಲ್ಟ್ ಎಂಬ ಟೂಲ್ ಇಟ್ಟುಕೊಂಡು ಮಾಡುದೂ ಇದನ್ನೇ. ಬಿಲ್ಡ್ ಆಗುವಾಗ (ಕೋಡಿನಿಂದ ಸಾಫ್ಟ್‌ವೇರ್ ತಯಾರಾಗುವಾಗ) ಪ್ಯಾಚ್ ಸಾಲಾಗಿ ಅಪ್ಲೈ ಆಗ್ತದೆ, ಒಂದು ಕೂತಿಲ್ಲ ಅಂದರೆ ಬಿಲ್ಡ್ ಅಲ್ಲೇ ನಿಲ್ಬೇಕು. ಒಂದು ಪ್ಯಾಚಿಗೆ ಒಂದೇ ಕೆಲಸ. ಯಾಕೆ ಬೇಕಾಯ್ತು, ಅಪ್‌ಸ್ಟ್ರೀಮಿಗೆ ಕಳಿಸಿದ್ದೇವಾ, ಯಾವಾಗ ಬಿಸಾಡ್ಬಹುದು, ಈ ಮೂರು ಪ್ಯಾಚ್ ಫೈಲಿನ ಮೇಲ್ಭಾಗದಲ್ಲೇ ಬರೆದಿರ್ಬೇಕು.

ಇಲ್ಲಿ ನನ್ನ ದುಡ್ಡು ಕಳೆದದ್ದು ಫಜ್, ಅಂದ್ರೆ ಜಾಗ ಸರಿ ಹೊಂದದಿದ್ರೂ ಪ್ಯಾಚನ್ನು ಅಂದಾಜಿಗೆ ಕೂರಿಸುದು. ಸಾದಾ ಪ್ಯಾಚ್ ಕಮಾಂಡ್ ಸುತ್ತಲಿನ ಗೆರೆ ಎರಡು ತಪ್ಪಿದ್ರೂ "ಸಕ್ಸೀಡೆಡ್ ವಿತ್ ಫಜ್" ಅಂತ ಹೇಳಿ ಮುಂದೆ ಹೋಗ್ತದೆ. ನಮ್ಮ ಪೇಪರ್ ಕಟ್ ಪ್ಯಾಚ್ ಹಾಗೇ ಹೋಗಿ ಅದೇ ತರ ಕಾಣುವ ಇನ್ನೊಂದು ಫಂಕ್ಷನ್‌ನಲ್ಲಿ ಕೂತಿತ್ತು. ಅಡಿಕೆ ಸೀಸನ್, ಪ್ರತಿ ಬಿಲ್ಲಿಗೂ ಅರ್ಧ ಅಡಿ ಖಾಲಿ ಪೇಪರ್, ಸಾಹುಕಾರರು ರೋಲಿನ ದುಡ್ಡು ನನ್ನ ಬಿಲ್ಲಲ್ಲೇ ಮುರ್ಕೊಂಡರು. ಈಗ ಫಜ್ ಸೊನ್ನೆ, ಇಲ್ಲಾಂದ್ರೆ ಗಿಟ್‌ನ (ಕೋಡಿನ ಬದಲಾವಣೆ ದಾಖಲಿಸುವ ಟೂಲ್) ಅಪ್ಲೈ ಕಮಾಂಡ್, ಅದು ಅಂದಾಜಿಗೆ ಕೂರಿಸುದಿಲ್ಲ. ಹೊಸ ವರ್ಷನ್ ಬಂದಾಗ ಮಾತ್ರ ಗಿಟ್ ಎಎಮ್ ತ್ರೀ-ವೇ (ಹಳೆಯದು, ಹೊಸದು, ನಮ್ಮದು ಮೂರನ್ನೂ ಹೋಲಿಸಿ ಸೇರಿಸುದು), ಜೊತೆಗೆ ರೆರೆರೆ (ಒಮ್ಮೆ ಬಿಡಿಸಿದ ಕಾನ್‌ಫ್ಲಿಕ್ಟ್ ನೆನಪಿಡುವ ಸೌಲಭ್ಯ) ಆನ್.

ಅತಿ ಹಳೆ ಪ್ಯಾಚ್ ಅಗಲದ್ದು. 80 ಮಿಮೀ ಪೇಪರಲ್ಲಿ ಗೆರೆಗೆ 48 ಅಕ್ಷರ ಅಂತ ಲೈಬ್ರರಿ ಕೋಡ್‌ಪಾಯಿಂಟ್ (ಯೂನಿಕೋಡಲ್ಲಿ ಒಂದೊಂದು ಚಿಹ್ನೆಗೆ ಇರುವ ನಂಬರ್) ಲೆಕ್ಕ ಹಾಕ್ತದೆ. "ಕೃಷ್ಣ" ಅಂದ್ರೆ ನಮಗೆ ಎರಡು ಅಕ್ಷರ, ಅದಕ್ಕೆ ಐದು. ಹೆಸರು ಬದಲಾದ ಹಾಗೆ ರೇಟಿನ ಕಾಲಂ ಆಚೆ ಈಚೆ. ನಾವು ಗೆರೆಯ ಅಕ್ಷರಗಳನ್ನು ಹಾರ್ಫ್‌ಬಜ್ (ಅಕ್ಷರ ಜೋಡಿಸುವ ಲೈಬ್ರರಿ) ಹಾಕಿ ಜೋಡಿಸಿ, ಚಿತ್ರ ಮಾಡಿ, ಗೆರೆಯ ಅಗಲ 576 ಡಾಟ್ ಅಂತ ಅಳೆದು ಕಳಿಸ್ತೇವೆ. ಅದನ್ನು ವೇಗ ಮಾಡಿದ್ದು ಹೇಗೆ ಅಂತ ಕೇಳ್ಬೇಡಿ, ಅದು ಹೊಟ್ಟೆಪಾಡು.

15ರಲ್ಲಿ ನಾಲ್ಕನ್ನೋ ಐದನ್ನೋ ಅಪ್‌ಸ್ಟ್ರೀಮಿನವರು ತಗೊಂಡರು, ಅಷ್ಟು ಫೈಲ್ ಡಿಲೀಟ್. ದೋಸ್ತಿ ಈಗ ಸ್ಕ್ರಿಪ್ಟ್ ಕೇಳ್ತಾ ಇದ್ದಾನೆ, ಸೀರೀಸ್ ಫೈಲ್ ಮಾತ್ರ ಕೊಟ್ಟಿದ್ದೇನೆ. ಸದ್ಯ ಮಲಯಾಳದ ಚಿಲ್ಲು ಅಕ್ಷರದ (ಸ್ವರ ಇಲ್ಲದ ವ್ಯಂಜನಕ್ಕೆ ಇರುವ ಬೇರೆ ರೂಪ) ಹಿಂದೆ ಬಿದ್ದಿದ್ದೇನೆ. ಹಳೆ ಡೇಟಾದಲ್ಲಿ ಅದು ಜಾಯಿನರ್ (ಕಣ್ಣಿಗೆ ಕಾಣದ ಜೋಡಣೆ ಚಿಹ್ನೆ) ಹಾಕಿ ಬರೆದದ್ದು, ಹೊಸದರಲ್ಲಿ ಒಂದೇ ಕೋಡ್‌ಪಾಯಿಂಟ್, ಯೂನಿಕೋಡ್ ಪ್ರಕಾರ ನಾರ್ಮಲೈಸ್ (ಒಂದೇ ರೂಪಕ್ಕೆ ತರುದು) ಮಾಡಿದ್ರೂ ಒಂದಾಗುದಿಲ್ಲ, ಒಬ್ಬನೇ ಗಿರಾಕಿ ಎರಡು ಖಾತೆಯಲ್ಲಿ ಕೂತಿದ್ದಾನೆ. ಇದು ಲೈಬ್ರರಿಗೆ ಹಾಕುವ ಪ್ಯಾಚಲ್ಲ, ನಮ್ಮ ಕೋಡಲ್ಲೇ ಆಗ್ಬೇಕು.