ಆಲೆಮನೆಯಲ್ಲಿ ವಿನ್ಯಾಸದ ಕೆಲಸ: ಅಚ್ಚು, ಹದ, ಬಣ್ಣ

ಮಂಡ್ಯದ ಆಲೆಮನೆಗಳಿಗೆ ಸಲಕರಣೆ ವಿನ್ಯಾಸ ಮಾಡುವಾಗ ನಾನು ಮೊದಲು ಕೇಳುವುದು ಇಷ್ಟೇ: ಸಮಸ್ಯೆ ಬಗೆಹರಿಯಿತು ಅಂತ ಹೇಳುವವರು ಯಾರು? ಮುಂದಿನ ದಾರಿ ಅದರ ಮೇಲೆ ನಿಂತಿದೆ.

ಅಚ್ಚಿನ ಮಾತನ್ನು ತಕ್ಕಡಿಯೇ ಹೇಳುತ್ತದೆ. ಅರ್ಧ ಕೆಜಿ ಬರಬೇಕಾದ ಕಡೆ 50 ಮಿ.ಮೀ. ಆಳಕ್ಕೆ 540 ಗ್ರಾಂ ಬಂದರೆ ಆಳವನ್ನು ಸುಮಾರು 46ಕ್ಕೆ ಇಳಿಸಿ ಮತ್ತೆ ತೂಗಬೇಕು. ಗೋಡೆ ನೆಟ್ಟಗಿದ್ದರೆ ಬೆಲ್ಲ ಕಚ್ಚಿಕೊಳ್ಳುತ್ತದೆ. ಬಾಯಿ ಕಡೆ ಮೂರು ಡಿಗ್ರಿ ಅಗಲಿಸಿ, ಮೂಲೆ ಗುಂಡಗೆ ಮಾಡಿ.

ಪಾಕದ ಹದ ಇಷ್ಟು ಸಲೀಸಲ್ಲ. ಅಚ್ಚು ಬೆಲ್ಲಕ್ಕೆ ಸುಮಾರು 118 ಡಿಗ್ರಿ ಸೆಲ್ಸಿಯಸ್ ಅಂತ ಲೆಕ್ಕವಿದೆ, ಆದರೆ ಥರ್ಮಾಮೀಟರ್ ತುದಿ ಕೊಪ್ಪರಿಗೆಯ ತಳ ಮುಟ್ಟಿದರೆ ಹೆಚ್ಚು ತೋರಿಸುತ್ತದೆ, ನೊರೆಯಲ್ಲಿದ್ದರೆ ಕಮ್ಮಿ. ಪಾಕದ ನಡುಮಟ್ಟದಲ್ಲೇ ನಿಲ್ಲುವಂತೆ ಕೊಕ್ಕೆ ಹಾಕಬೇಕು. ಅದಕ್ಕೂ ಮುಂಚೆ ಒಂದೆರಡು ದಿನ ಸುಮ್ಮನೆ ನಿಂತು ನೋಡಬೇಕು. ಪಾಕ ನೋಡುವವರು ತಣ್ಣೀರಿಗೆ ನಾಲ್ಕು ಹನಿ ಬಿಟ್ಟು, ಬೆರಳಲ್ಲಿ ಉಂಡೆ ಕಟ್ಟಿ, ಅದು ಎಷ್ಟು ಗಟ್ಟಿ ಅಂತ ಒತ್ತಿ ನೋಡುತ್ತಾರೆ. ಆ ಆವಿಯಲ್ಲಿ ಸಣ್ಣ ಅಂಕಿ ಯಾರಿಗೂ ಕಾಣದು, ಗಾಣದ ಸದ್ದಿನಲ್ಲಿ ಬಜರ್ ಕೇಳದು. ಅದಕ್ಕೇ 116ಕ್ಕೆ ಹತ್ತುವ ಕೆಂಪು ದೀಪ; ಉರಿ ತಗ್ಗಿಸುವಷ್ಟರಲ್ಲಿ ಇನ್ನೆರಡು ಡಿಗ್ರಿ ಏರಿರುತ್ತದೆ. ಕಡಿದು ದಿನಗಟ್ಟಲೆ ಬಿದ್ದ ಕಬ್ಬಾದರೆ ಸಕ್ಕರೆ ಅಂಶ ಒಡೆದಿರುತ್ತದೆ, 118 ಮುಟ್ಟಿದರೂ ಬೆಲ್ಲ ಗಟ್ಟಿಯಾಗುವುದಿಲ್ಲ. ಆಗ ದೀಪ ಸರಿಪಡಿಸಿ ಪ್ರಯೋಜನವಿಲ್ಲ, ಕಬ್ಬು ಕಡಿಯುವ ಸರದಿ ಸರಿಪಡಿಸಬೇಕು.

ಬಣ್ಣದ್ದು ಬೇರೆಯೇ ಜಾತಿ. ಹೈಡ್ರೋಸ್ ಅಂದರೆ ಬಿಳುಪು ತರುವ, ಗಂಧಕವಿರುವ ರಾಸಾಯನಿಕ; ಅದನ್ನು ಹಾಕಿದರೆ ಬೆಲ್ಲ ಬೆಳ್ಳಗೆ ಹೊಳೆಯುತ್ತದೆ, ಇಟ್ಟಷ್ಟೂ ಕಪ್ಪಾಗುತ್ತದೆ. ಬೆಲ್ಲದಲ್ಲಿ ಗಂಧಕದ ಡೈಆಕ್ಸೈಡ್ 70 ಪಿಪಿಎಂ (ಹತ್ತು ಲಕ್ಷದಲ್ಲಿ 70 ಪಾಲು) ದಾಟಬಾರದು ಅಂತ ನಿಯಮವಿದೆ. ಹಾಕಬೇಡಿ ಅಂದರೆ ಮುಗಿಯಿತೇ? ಕೊಳ್ಳುವವರು ಬಿಳುಪು ಕೇಳುತ್ತಾರೆ, ವರ್ತಕರು ಅದಕ್ಕೇ ಬೆಲೆ ಕಟ್ಟುತ್ತಾರೆ, ನಷ್ಟ ಆಲೆಮನೆಯವರಿಗೆ. 1973ರಲ್ಲಿ ವಿನ್ಯಾಸ ಚಿಂತಕ ಹಾರ್ಸ್ಟ್ ರಿಟ್ಟೆಲ್ ಮತ್ತು ನಗರ ಯೋಜನೆಯ ಮೆಲ್ವಿನ್ ವೆಬ್ಬರ್ ವಿವರಿಸಿದ 'ವಿಕೆಡ್' (ಬಗೆಹರಿಯದೆ ಕಾಡುವ) ಸಮಸ್ಯೆ ಇದೇ: ಇಲ್ಲಿ ಮುಗಿಯಿತು ಅನ್ನುವ ಗೆರೆ ಇಲ್ಲ, ಮಾಡಿದ ಪ್ರಯೋಗ ಹಿಂದಕ್ಕೆ ಬಾರದು. ಒಂದು ಸಲ ಕಂದು ಬೆಲ್ಲವನ್ನು ಅಗ್ಗಕ್ಕೆ ಮಾರಿದರೆ ಅದೇ ಅದರ ದರವಾಗಿ ಕೂರುತ್ತದೆ.

ಅದಕ್ಕೆ ಇಡೀ ಹಂಗಾಮು ಪಣಕ್ಕಿಡದೆ ವಾರಕ್ಕೆ ಒಂದೇ ಕೊಪ್ಪರಿಗೆ ಹೈಡ್ರೋಸ್ ಇಲ್ಲದೆ ಇಳಿಸುವುದು. ಮಡ್ಡಿ ತೆಗೆಯಲು ಬೆಂಡೆ ಗಿಡದ ಲೋಳೆ, ಜೊತೆಗೆ ಸುಣ್ಣದ ತಿಳಿ. ಸುಣ್ಣ ಹೆಚ್ಚಾದರೆ ಬೆಲ್ಲ ಕಪ್ಪಾಗುತ್ತದೆ. ಪಾರದರ್ಶಕ ಪೊಟ್ಟಣ, ಮೇಲೆ ಇಳಿಸಿದ ತಾರೀಕು. ಅಂಗಡಿಯಲ್ಲಿ ಅದನ್ನು ಬಿಳಿ ಬೆಲ್ಲದ ಪಕ್ಕ ಇಡಬೇಡಿ. ಹೋಲಿಕೆಯಲ್ಲಿ ಮೊದಲ ದಿನವೇ ಸೋಲುತ್ತದೆ.